ಓದುಗರ ಪ್ರಶ್ನೆ: ಸಮುದ್ರ ಮೀನಿನ ತೊಟ್ಟಿಗೆ ನಲ್ಲಿಯ ನೀರು ಸಾಕೇ?

ಪ್ರಶ್ನೆ: ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ 200 ಲೀಟರಿನ ಸಮುದ್ರ ನೀರಿನ ಅಕ್ವೇರಿಯಂ ಇಟ್ಟಿದ್ದೇನೆ. ಒಂದು ಜೋಡಿ ಕ್ಲೌನ್ ಮೀನು, ಒಂದು ಅನಿಮೋನಿ (ಹೂವಿನಂತೆ ಕಾಣುವ ಸಮುದ್ರಜೀವಿ), ಎರಡು ಸೀಗಡಿಗಳಿವೆ. ನಲ್ಲಿಯ ನೀರಿಗೆ ಅಂಗಡಿಯಲ್ಲಿ ಸಿಗುವ ಸಮುದ್ರ ಲವಣ ಬೆರೆಸಿ ತುಂಬುತ್ತೇನೆ. ಆವಿಯಾಗಿ ಕಡಿಮೆಯಾದದ್ದನ್ನೂ ನಲ್ಲಿಯ ನೀರಿನಿಂದಲೇ ಸರಿದೂಗಿಸುತ್ತೇನೆ. ಕೆಲವು ತಿಂಗಳುಗಳಿಂದ ಮರಳಿನ ಮೇಲೆ ಕಂದು ಪದರ ಕಟ್ಟುತ್ತಿದೆ, ಅನಿಮೋನಿ ಮುದುಡಿಕೊಂಡಿದೆ. ಸಮುದ್ರದ ನೀರಿನಲ್ಲಿ ಲೀಟರಿಗೆ 35 ಗ್ರಾಂ ಲವಣ ಇರುವಾಗ, ನಲ್ಲಿಯ ನೀರಿನಲ್ಲಿರುವ ಅರ್ಧ ಗ್ರಾಂ ಲವಣಕ್ಕೆ ಹೆದರಬೇಕೇ?

ಉತ್ತರ: ನಿಮ್ಮ ತರ್ಕ ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತದೆ, ಬಹಳ ಜನ ಇದೇ ಲೆಕ್ಕ ಹಾಕಿ ಎಡವಿದ್ದಾರೆ. ಆದರೆ ನೋಡಬೇಕಾದದ್ದು ಲವಣದ ತೂಕವನ್ನಲ್ಲ, ಆ ಅರ್ಧ ಗ್ರಾಂನೊಳಗೆ ಏನೇನಿದೆ ಎಂಬುದನ್ನು ಮತ್ತು ಅದು ತೊಟ್ಟಿಯಿಂದ ಹೊರಗೆ ಹೋಗುವ ದಾರಿ ಯಾವುದು ಎಂಬುದನ್ನು.

ತೊಟ್ಟಿಯಿಂದ ಆವಿಯಾಗುವುದು ಶುದ್ಧ ನೀರು ಮಾತ್ರ. ಕರಗಿದ್ದೆಲ್ಲ ಒಳಗೇ ಉಳಿಯುತ್ತದೆ. ಮೇಲ್ಮುಚ್ಚಳವಿಲ್ಲದ ನಿಮ್ಮಂಥ ತೊಟ್ಟಿಯಲ್ಲಿ ದಿನಕ್ಕೆ ಎರಡು ಲೀಟರ್ ಆವಿಯಾಗುತ್ತದೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 730 ಲೀಟರ್ ನೀರನ್ನು ಮೇಲಿಂದ ಸುರಿದಂತಾಯಿತು, ಅಂದರೆ ತೊಟ್ಟಿಯ ಮೂರೂವರೆ ಪಟ್ಟಿಗಿಂತ ಹೆಚ್ಚು. ಆ ನೀರಿನ ಟಿಡಿಎಸ್ (ಕರಗಿದ ವಸ್ತುಗಳ ಒಟ್ಟು ಪ್ರಮಾಣ) ಲೀಟರಿಗೆ 800 ಮಿಲಿಗ್ರಾಂ ಇದ್ದರೆ ಸುಮಾರು 580 ಗ್ರಾಂ ಬೇಡದ ವಸ್ತು ವರ್ಷದಲ್ಲಿ ತೊಟ್ಟಿ ಸೇರುತ್ತದೆ. ನೈಟ್ರೇಟ್ ಒಂದನ್ನೇ ತೆಗೆದುಕೊಂಡರೂ, ಭಾರತೀಯ ಮಾನಕ ಐಎಸ್ 10500 ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂವರೆಗೆ ಅದನ್ನು ಒಪ್ಪುತ್ತದೆ; ಅಷ್ಟಿರುವ ನೀರನ್ನು ವರ್ಷವಿಡೀ ಸುರಿದರೆ, ಬೇರೆ ಯಾವ ಮಾರ್ಗದಿಂದಲೂ ಅದು ಹೊರಹೋಗದಿದ್ದಲ್ಲಿ, ತೊಟ್ಟಿಯ ನೈಟ್ರೇಟ್ ಲೀಟರಿಗೆ 160 ಮಿಲಿಗ್ರಾಂ ದಾಟುತ್ತದೆ. ನೀರು ಬದಲಿಸುತ್ತೇನಲ್ಲ ಎನ್ನಬಹುದು. ಬದಲಿಸುವ ನೀರೂ ಅದೇ ನಲ್ಲಿಯದಾಗಿದ್ದರೆ, ತೆಗೆದದ್ದರಲ್ಲಿ ಒಂದು ಪಾಲನ್ನು ಮತ್ತೆ ಒಳಗೆ ಹಾಕಿದಂತೆಯೇ ಆಗುತ್ತದೆ.

ಇನ್ನು ತಾಮ್ರ. ಇದರ ಬಗ್ಗೆ ನಾನು ಎಷ್ಟು ಸಲ ಬರೆದರೂ ಸಾಲದು. ಅದೇ ಮಾನಕದಲ್ಲಿ ತಾಮ್ರಕ್ಕೆ ಅಪೇಕ್ಷಣೀಯ ಮಿತಿ 0.05 ಮಿಲಿಗ್ರಾಂ, ಬೇರೆ ನೀರಿನ ಮೂಲ ಇಲ್ಲದಿದ್ದಾಗ 1.5 ಮಿಲಿಗ್ರಾಂವರೆಗೆ ವಿನಾಯಿತಿ. ಸಮುದ್ರ ಮೀನುಗಳಿಗೆ ಬಿಳಿ ಚುಕ್ಕೆ ರೋಗ ಬಂದಾಗ ಪ್ರತ್ಯೇಕ ತೊಟ್ಟಿಯಲ್ಲಿ ಕೊಡುವ ತಾಮ್ರದ ಔಷಧದ ಪ್ರಮಾಣ ಲೀಟರಿಗೆ 0.15ರಿಂದ 0.2 ಮಿಲಿಗ್ರಾಂ, ಮೀನು ಅದನ್ನು ತಾಳಿಕೊಳ್ಳುತ್ತದೆ, ಸೀಗಡಿಯೂ ಅನಿಮೋನಿಯೂ ಸಾಯುತ್ತವೆ. ಮನುಷ್ಯರು ಕುಡಿಯಬಹುದೆಂದು ಪ್ರಮಾಣೀಕರಿಸಿದ ನೀರು ಸೀಗಡಿಯ ಪಾಲಿಗೆ ವಿಷವಾಗಬಹುದು ಎಂಬುದನ್ನು ಈ ಎರಡು ಅಂಕಿಗಳೇ ಹೇಳುತ್ತವೆ. ನೀರಿನ ಮಾನಕಗಳನ್ನು ರೂಪಿಸಿದ್ದು ನಮಗಾಗಿ, ಬೆನ್ನೆಲುಬಿಲ್ಲದ ಆ ಜೀವಿಗಳಿಗಾಗಿ ಅಲ್ಲ.

ನೀವು ಹೇಳಿದ ಕಂದು ಪದರ ಬಹುಮಟ್ಟಿಗೆ ಡಯಾಟಮ್ ಎಂಬ ಸೂಕ್ಷ್ಮ ಪಾಚಿ. ಅದು ತನ್ನ ಕವಚ ಕಟ್ಟಿಕೊಳ್ಳುವುದು ಸಿಲಿಕಾದಿಂದ. ಹೊಸ ತೊಟ್ಟಿಯಲ್ಲಿ ಅದು ಕೆಲವು ವಾರ ಕಾಣಿಸಿಕೊಂಡು ತಾನಾಗಿಯೇ ಹೋಗುತ್ತದೆ; ತಿಂಗಳುಗಟ್ಟಲೆ ಉಳಿದರೆ ಸಿಲಿಕಾ ನಿರಂತರವಾಗಿ ಒಳಬರುತ್ತಿದೆ ಎಂದು ತಿಳಿಯಬೇಕು. ನಮ್ಮ ಬಯಲುಸೀಮೆಯ ಕೊಳವೆಬಾವಿಗಳು ಗ್ರಾನೈಟ್ ಮತ್ತು ನೈಸ್ ಶಿಲೆಗಳ ಬಿರುಕುಗಳಿಂದ ನೀರೆತ್ತುತ್ತವೆ. ಆ ನೀರಿನಲ್ಲಿ ಗಡಸುತನದ ಜೊತೆಗೆ ಸಿಲಿಕಾವೂ ಕರಗಿ ಬರುತ್ತದೆ.

ಇಲ್ಲಿ ನಿಮಗೊಂದು ಮರುಪ್ರಶ್ನೆ: ನಿಮ್ಮ ನಲ್ಲಿಯಲ್ಲಿ ಬರುವುದು ಯಾವ ನೀರು? ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿ ನೂರು ಕಿಲೋಮೀಟರಿನಷ್ಟು ದೂರದಿಂದ ಪಂಪ್ ಮಾಡಿ ತರುವ ಕಾವೇರಿ ನೀರು ಸಾಕಷ್ಟು ಮೆದುವಾಗಿಯೇ ಇರುತ್ತದೆ. ಆದರೆ ಬಹುತೇಕ ಅಪಾರ್ಟ್‌ಮೆಂಟುಗಳ ಸಂಪಿನಲ್ಲಿ ಕಾವೇರಿ, ಕೊಳವೆಬಾವಿ, ಟ್ಯಾಂಕರ್ ಮೂರೂ ಒಂದಾಗುತ್ತವೆ. ಸೋಮವಾರದ ನೀರು ಗುರುವಾರದ್ದಲ್ಲ. ಒಂದು ಟಿಡಿಎಸ್ ಮೀಟರ್ ಕೊಂಡು ಎರಡು ವಾರ ದಿನವೂ ಅಳೆದು ಬರೆದಿಡಿ.

ಸೀಗಡಿ, ಅನಿಮೋನಿ ಇಲ್ಲದೆ ಮೀನುಗಳಷ್ಟೇ ಇದ್ದು, ಸಂಪಿಗೆ ಕಾವೇರಿ ನೀರು ಮಾತ್ರ ಬರುತ್ತಿದ್ದರೆ, ಕ್ಲೋರಿನ್ ಅನ್ನು ಸೋಡಿಯಂ ಥಯೋಸಲ್ಫೇಟ್‌ನಿಂದ ನಿವಾರಿಸಿ ಬಳಸಿದರೆ ನಡೆಯುತ್ತದೆ ಎಂದೇ ನಾನು ಹೇಳುತ್ತಿದ್ದೆ. ನಿಮ್ಮ ತೊಟ್ಟಿಗೆ ಆ ಮಾತು ಹೊಂದುವುದಿಲ್ಲ. ಲವಣ ಬೆರೆಸುವುದಕ್ಕೂ ದಿನದ ಮರುಪೂರಣಕ್ಕೂ ಆರ್‌ಒ (ನೀರನ್ನು ಅತಿ ಸೂಕ್ಷ್ಮ ಪೊರೆಯ ಮೂಲಕ ಹಾಯಿಸುವುದು) ಮತ್ತು ಡಿಐ (ಉಳಿದದ್ದನ್ನು ರಾಳದಿಂದ ಹಿಡಿಯುವುದು) ಎರಡೂ ಹಂತ ದಾಟಿದ ನೀರನ್ನೇ ಬಳಸಿ. ಈಗಿರುವ ನೀರನ್ನು ಒಂದೇ ದಿನ ಬದಲಿಸಬೇಡಿ. ವಾರಕ್ಕೆ 20 ಲೀಟರಿನಂತೆ ಎರಡು ಮೂರು ತಿಂಗಳು ಬದಲಿಸುತ್ತ ಬನ್ನಿ. ಅನಿಮೋನಿ ಮುದುಡಲು ಬೆಳಕು, ಲವಣಾಂಶಗಳೂ ಕಾರಣವಾಗಬಹುದಾದ್ದರಿಂದ ಅವನ್ನೂ ಪರೀಕ್ಷಿಸಿಕೊಳ್ಳಿ.

ಪ್ರಶ್ನೆ: ಅಡುಗೆಮನೆಯಲ್ಲಿ ಕುಡಿಯುವ ನೀರಿನ ಆರ್‌ಒ ಯಂತ್ರ ಇದೆ. ಅದೇ ನೀರು ಸಾಲದೇ? ಡಿಐ ಎಂಬುದು ಬೇರೆ ಯಾಕೆ ಬೇಕು?

ಉತ್ತರ: ಮೊದಲು ನಿಮ್ಮ ಯಂತ್ರದ ಒಳಗೆ ಏನಿದೆ ಎಂದು ಕೈಪಿಡಿಯಲ್ಲಿ ಓದಿ. ಇತ್ತೀಚಿನ ಅನೇಕ ಯಂತ್ರಗಳಲ್ಲಿ, ಪೊರೆ ತೆಗೆದುಹಾಕಿದ ಖನಿಜಗಳನ್ನು ರುಚಿಗಾಗಿ ಮತ್ತೆ ಸೇರಿಸುವ ಕಾರ್ಟ್ರಿಡ್ಜ್ ಇರುತ್ತದೆ. ಟಿಡಿಎಸ್ ನಿಯಂತ್ರಕವಿರುವಲ್ಲಿ ಆರ್‌ಒ ಪೊರೆಯನ್ನು ದಾಟದ ನೀರನ್ನೇ ಒಂದಿಷ್ಟು ಬೆರೆಸಲಾಗುತ್ತದೆ. ಎಲ್ಲಕ್ಕಿಂತ ಅಪಾಯದ್ದು ಆರೋಗ್ಯದ ಹೆಸರಿನಲ್ಲಿ ತಾಮ್ರ ಸೇರಿಸುವ ಮಾದರಿ. ಹಲವು ವರ್ಷಗಳ ಹಿಂದೆ ನಮ್ಮ ಮನೆಯ ಹಳೆಯ ಯಂತ್ರವನ್ನು ಬದಲಿಸಿದಾಗ ಹೊಸದರಲ್ಲಿ ತಾಮ್ರದ ಕಾರ್ಟ್ರಿಡ್ಜ್ ಇರುವುದನ್ನು ಗಮನಿಸದೆ ಎಂದಿನಂತೆ ತೊಟ್ಟಿಗೆ ಸುರಿದೆ. ಮೀನುಗಳು ಉಳಿದವು, ಸೀಗಡಿಗಳು ಒಂದೂ ಉಳಿಯಲಿಲ್ಲ. ಆ ನೋವಿನಿಂದಲೇ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಸೇರ್ಪಡೆಗಳಿಲ್ಲದ ಒಳ್ಳೆಯ ಆರ್‌ಒ ಪೊರೆ ಕರಗಿದ ವಸ್ತುಗಳಲ್ಲಿ ನೂರಕ್ಕೆ 90ರಿಂದ 98ರಷ್ಟನ್ನು ತಡೆಯುತ್ತದೆ. 800 ಟಿಡಿಎಸ್ ನೀರಿನಲ್ಲಿ ನೂರಕ್ಕೆ 95 ಹೋದರೂ 40 ಉಳಿಯಿತಲ್ಲ. ಅದನ್ನು ಹಿಡಿಯುವುದು ಡಿಐ ರಾಳ. ರಾಳದ ಶಕ್ತಿ ಮುಗಿಯುತ್ತ ಬಂದಾಗ ಮೊದಲು ಜಾರಿಕೊಳ್ಳುವವುಗಳಲ್ಲಿ ಸಿಲಿಕಾ ಒಂದು. ಅದು ವಿದ್ಯುತ್ತನ್ನು ಅಷ್ಟಾಗಿ ಹಾಯಿಸದ ಕಾರಣ ಮೀಟರ್ ಸೊನ್ನೆ ತೋರಿಸುತ್ತಿರುವಾಗಲೇ ಸೋರಿಕೆ ಶುರುವಾಗಿರಬಹುದು. ಆದ್ದರಿಂದ ಬಣ್ಣ ಬದಲಿಸುವ ರಾಳವನ್ನು ಕೊಂಡು, ಅದು ಪೂರ್ತಿ ಮುಗಿಯುವ ಮೊದಲೇ ಬದಲಾಯಿಸಿ. ಪೊರೆಗಿಂತ ಮೊದಲು ಕಾರ್ಬನ್ ಫಿಲ್ಟರ್ ಇರಲೇಬೇಕು. ಕ್ಲೋರಿನ್ ಪೊರೆಯನ್ನೇ ಹಾಳುಮಾಡುತ್ತದೆ.

ಒಂದು ಲೀಟರ್ ಶುದ್ಧ ನೀರಿಗೆ ಮೂರು ನಾಲ್ಕು ಲೀಟರ್ ಹೊರಹೋಗುವುದು ಸಾಮಾನ್ಯ. 2024ರ ಬೇಸಿಗೆಯನ್ನು ಕಂಡ ಬೆಂಗಳೂರಿನಲ್ಲಿ ಅದನ್ನು ಚರಂಡಿಗೆ ಬಿಡುವುದು ಸಲ್ಲದು. ಡ್ರಮ್ಮಿನಲ್ಲಿ ಹಿಡಿದು ನೆಲ ಒರೆಸಲು, ಶೌಚಾಲಯಕ್ಕೆ ಬಳಸಿ. ಮೂಲ ನೀರು ಗಡಸಾಗಿದ್ದರೆ ಕುಂಡದ ಗಿಡಗಳಿಗೆ ಮಾತ್ರ ಹಾಕಬೇಡಿ, ಲವಣ ಮಣ್ಣಿನಲ್ಲಿ ನಿಲ್ಲುತ್ತದೆ.

ಪ್ರಶ್ನೆ: ಮಂಗಳೂರಿನಲ್ಲಿರುವ ನಮಗೆ ಸಮುದ್ರವೇ ಹತ್ತಿರವಿದೆ. ಅಲ್ಲಿಂದಲೇ ನೀರು ತರಬಹುದೇ?

ಉತ್ತರ: ತರಬಹುದು, ಆದರೆ ದಡದಿಂದಲ್ಲ. ನೇತ್ರಾವತಿ, ಗುರುಪುರ ನದಿಗಳು ಸೇರುವ ಅಳಿವೆಯ ಬಳಿಯೂ ಮೀನುಗಾರಿಕೆ ಬಂದರಿನ ಬಳಿಯೂ ಸಿಹಿನೀರು, ಡೀಸೆಲ್, ಕೊಳಚೆ ಬೆರೆತಿರುತ್ತವೆ. ಮಳೆಗಾಲದಲ್ಲಿ ಕರಾವಳಿಯ ನೀರಿನ ಲವಣಾಂಶ 35ಕ್ಕಿಂತ ಬಹಳ ಕೆಳಗಿಳಿಯುತ್ತದೆ. ಬೇಸಿಗೆಯಲ್ಲಿ ದೋಣಿಯವರೊಬ್ಬರ ನೆರವಿನಿಂದ ದಡದಿಂದ ದೂರದ ತಿಳಿನೀರನ್ನು ತರಿಸಿ, ದಪ್ಪ ಬಟ್ಟೆಯಲ್ಲಿ ಸೋಸಿ, ಕತ್ತಲಲ್ಲಿ ಎರಡು ವಾರ ಗಾಳಿಯಾಡಿಸಿಟ್ಟು, ರಿಫ್ರಾಕ್ಟೋಮೀಟರಿನಲ್ಲಿ ಲವಣಾಂಶ ನೋಡಿ ಬಳಸಿ. ಹೋದವರು ಕಲ್ಲುಹವಳದ ತುಂಡನ್ನು ಮಾತ್ರ ಕಿತ್ತು ತರಬಾರದು: ನೇತ್ರಾಣಿಯದಿರಲಿ, ಇನ್ನೆಲ್ಲಿಯದೇ ಇರಲಿ, ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಅದಕ್ಕೆ ರಕ್ಷಣೆಯಿದೆ. ತೊಟ್ಟಿ ತುಂಬಿದ್ದು ಸಮುದ್ರದ ನೀರಿನಿಂದಲೇ ಆದರೂ, ಆವಿಯಾದಷ್ಟನ್ನು ಸರಿದೂಗಿಸಲು ಮತ್ತೆ ಸಮುದ್ರದ ನೀರನ್ನು ಸುರಿಯಬೇಡಿ, ಲವಣಾಂಶ ಏರುತ್ತ ಹೋಗುತ್ತದೆ. ಅದಕ್ಕೆ ನಿಮಗೂ ಆರ್‌ಒ, ಡಿಐ ದಾಟಿದ ಸಿಹಿನೀರೇ ಬೇಕು.