ಪೈಲಟ್ ಕೈ ಸುಮ್ಮನಿದ್ದರೂ ರೆಕ್ಕೆ ಆಡುವುದೇಕೆ?

ಪ್ರಶ್ನೆ: ಜುಲೈನಲ್ಲಿ ಮಂಗಳೂರಿನಿಂದ ಮುಂಬಯಿಗೆ ಏರ್‌ಬಸ್ ಎ320ರಲ್ಲಿ ಬಂದೆ. ರೆಕ್ಕೆಯ ಹಿಂದೆ ಕಿಟಕಿ ಸೀಟು. ವಿಪರೀತ ಗಾಳಿ. ರೆಕ್ಕೆಯ ತುದಿಯಲ್ಲಿರುವ ಪಟ್ಟಿ ಒಂದು ಕ್ಷಣವೂ ಸುಮ್ಮನಿರಲಿಲ್ಲ. ಓರೆಯಾಗಿ ಇಳಿಯುತ್ತಿದ್ದ ವಿಮಾನ ನೆಲ ಮುಟ್ಟುವ ಹೊತ್ತಿಗೆ ಝಟ್ಟನೆ ನೆಟ್ಟಗಾಯಿತು. ಪೈಲಟ್ ಅಷ್ಟೊಂದು ಒದ್ದಾಡುತ್ತಿದ್ದರೇ, ಅಥವಾ ಎಲ್ಲ ಕಂಪ್ಯೂಟರೇ ಮಾಡಿತೇ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ವಿಮಾನವನ್ನು ಎಡಬಲಕ್ಕೆ ವಾಲಿಸುವ ಆ ಪಟ್ಟಿಯ ಹೆಸರು ಐಲರಾನ್. ಅದು ಕುಣಿಯುತ್ತಿದ್ದಾಗ ಪೈಲಟ್ ಕೈ ಅಷ್ಟೇನೂ ಆಡಿರಲಾರದು.

ಓರೆ ನಡಿಗೆಯ ವಿಷಯ ಮೊದಲು ಮುಗಿಸೋಣ. ಮಳೆಗಾಲದಲ್ಲಿ ಮುಂಬಯಿಗೆ ಪಶ್ಚಿಮದ, ನೈಋತ್ಯದ ಗಾಳಿ. ಅದಕ್ಕೇ ವಿಮಾನಗಳು ಘಾಟ್‌ಕೋಪರ್, ಕುರ್ಲಾ ಮೇಲಿಂದ ಬಂದು ಪಶ್ಚಿಮಾಭಿಮುಖವಾದ 27ನೇ ರನ್‌ವೇಯಲ್ಲಿ ಇಳಿಯುತ್ತವೆ. ಗಾಳಿ 240 ಡಿಗ್ರಿ ದಿಕ್ಕಿನಿಂದ 24 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಬೀಸುತ್ತಿದೆ ಅನ್ನಿ. 27 ಅಂದರೆ 270 ಡಿಗ್ರಿ ದಿಕ್ಕಿನ ರನ್‌ವೇ, ಗಾಳಿಗೂ ಅದಕ್ಕೂ 30 ಡಿಗ್ರಿ ವ್ಯತ್ಯಾಸ. ಲೆಕ್ಕ ಹಾಕಿದರೆ ಅರ್ಧ, ಅಂದರೆ 12 ನಾಟ್, ಎಡಗಡೆಯಿಂದ ಅಡ್ಡಗಾಳಿ. 140 ನಾಟ್ ವೇಗದಲ್ಲಿ ಇಳಿಯುವ ವಿಮಾನ ಇದನ್ನು ಸರಿದೂಗಿಸಲು ಮೂತಿಯನ್ನು ಸುಮಾರು 5 ಡಿಗ್ರಿ ಎಡಕ್ಕಿಟ್ಟು ಬರುತ್ತದೆ. ತುಂಬಿದ ಹೊಳೆ ದಾಟುವ ದೋಣಿಯವನು ಎದುರು ಕಟ್ಟೆಗೇ ಗುರಿಯಿಟ್ಟು ಹುಟ್ಟು ಹಾಕುವುದಿಲ್ಲವಲ್ಲ, ಹಾಗೆ.

ಈಗ ರೆಕ್ಕೆ. ಬೋಯಿಂಗ್ 737ರಲ್ಲಿ ಪೈಲಟ್ ತನ್ನೆದುರಿನ ಸ್ಟೀರಿಂಗ್ ಚಕ್ರವನ್ನು ಎಷ್ಟು ತಿರುಗಿಸಿದರೆ ಐಲರಾನ್ ಸರಿಸುಮಾರು ಅಷ್ಟೇ ಏಳುತ್ತದೆ, ಬೀಳುತ್ತದೆ. 1988ರಲ್ಲಿ ಸೇವೆಗೆ ಬಂದ ಎ320 ಈ ಸಂಬಂಧವನ್ನೇ ಕಡಿದುಹಾಕಿತು. ಅದರಲ್ಲಿ ಪೈಲಟ್ ಪಕ್ಕದಲ್ಲಿರುವ ಪುಟ್ಟ ಸ್ಟಿಕ್ ಐಲರಾನ್‌ಗೆ ಅಪ್ಪಣೆ ಕೊಡುವುದಿಲ್ಲ. ‘ಇಷ್ಟು ವೇಗದಲ್ಲಿ ವಾಲು’ ಎಂದು ಕಂಪ್ಯೂಟರ್‌ಗೆ ಹೇಳುತ್ತದೆ. ಪೂರ್ತಿ ಒತ್ತಿದರೆ ಸೆಕೆಂಡಿಗೆ 15 ಡಿಗ್ರಿ. ಕೈ ಬಿಟ್ಟರೆ ಅರ್ಥ: ‘ಈಗ ಹೇಗಿದ್ದೀಯೋ ಹಾಗೇ ಇರು.’ ಗಾಳಿ ಎಡರೆಕ್ಕೆಯನ್ನು ಎತ್ತಿದರೆ, ಯಾರೂ ಕೇಳದ ಈ ವಾಲಾಟ ಎಲ್ಲಿಂದ ಬಂತೆಂದು ಕಂಪ್ಯೂಟರ್ ತಾನೇ ಐಲರಾನ್‌ಗಳನ್ನು, ರೆಕ್ಕೆಯ ಮೇಲೆ ಏಳುವ ಫಲಕಗಳಾದ ಸ್ಪಾಯ್ಲರ್‌ಗಳನ್ನು ಆಡಿಸಿ ತಡೆಯುತ್ತದೆ. ನಿಮ್ಮ ಕಿಟಕಿಯಾಚೆ ನಡೆದದ್ದು ಬಹುಪಾಲು ಇದೇ. ಉಳಿದ ಚೂರುಪಾರನ್ನು ಪೈಲಟ್ ಸಣ್ಣಗೆ ಒತ್ತಿ ಸರಿಪಡಿಸುತ್ತಾರೆ.

ಸಿಮ್ಯುಲೇಟರ್‌ನಲ್ಲಿ ಹೊಸಬರು ಮಾಡುವ ತಪ್ಪೂ ಇಲ್ಲೇ. ಗಾಳಿಯ ಹೊಡೆತಕ್ಕೆ ಕಂಪ್ಯೂಟರ್ ಉತ್ತರ ಕೊಟ್ಟಾಗಿದೆ, ಇವರೂ ಕೊಡುತ್ತಾರೆ. ಆಮೇಲೆ ತಮ್ಮದೇ ಉತ್ತರದ ಜೊತೆ ಜಗಳ. ‘ಕಡೆಗೋಲು ಕೆಳಗಿಡಿ, ಮಜ್ಜಿಗೆ ಆಯಿತು’ ಎಂದು ಎಷ್ಟು ಜನಕ್ಕೆ ಹೇಳಿದ್ದೇನೋ!

ಆದರೆ ಮೂತಿಯನ್ನು ನೆಟ್ಟಗೆ ಮಾಡುವುದು ಕಾಲಿನ ಕೆಲಸ. ನೆಲ ಇನ್ನೇನು ಮುಟ್ಟಬೇಕು ಅನ್ನುವಾಗ ಬಲಗಾಲಲ್ಲಿ ರಡ್ಡರ್ (ಬಾಲದ ನೆಟ್ಟನೆ ಚುಕ್ಕಾಣಿ) ಪೆಡಲ್ ಒತ್ತಬೇಕು. ಮೂತಿ ಬಲಕ್ಕೆ ತಿರುಗುವಾಗ ಎಡರೆಕ್ಕೆ ಮೇಲೇಳಲು ನೋಡುತ್ತದೆ, ಅದಕ್ಕೆ ಸ್ಟಿಕ್ ಕೊಂಚ ಎಡಕ್ಕೆ. ನಿಮಗನಿಸಿದ ಆ ಝಟ್ಟು ಇದೇ. ಪೂರ್ತಿ ನೆಟ್ಟಗಾಗದಿದ್ದರೂ 5 ಡಿಗ್ರಿವರೆಗಿನ ಓರೆಯನ್ನು ಚಕ್ರಗಳು ತಡೆದುಕೊಳ್ಳುತ್ತವೆ.

ಚಕ್ರ ನೆಲ ಮುಟ್ಟಿದ ಮೇಲೆ ಸ್ಟಿಕ್ಕಿನ ಭಾಷೆ ಬದಲಾಗುತ್ತದೆ. ಕೈ ಆಡಿದಷ್ಟು ಐಲರಾನ್ ಆಡುತ್ತದೆ. ಇದು ಬರಿಯ ಪುಸ್ತಕದ ಮಾತಲ್ಲ. 2008ರ ಮಾರ್ಚ್ 1ರಂದು ಜರ್ಮನಿಯ ಹ್ಯಾಂಬರ್ಗ್‌ನಲ್ಲಿ, ಬಿರುಗಾಳಿಯ ನಡುವೆ ಇಳಿಯುತ್ತಿದ್ದ ಎ320 ಒಂದರ ಎಡರೆಕ್ಕೆಯ ತುದಿ ರನ್‌ವೇಗೆ ಉಜ್ಜಿತು. ಪೈಲಟ್‌ಗಳು ಮತ್ತೆ ಮೇಲೇರಿ ಇನ್ನೊಂದು ರನ್‌ವೇಯಲ್ಲಿ ಸುರಕ್ಷಿತವಾಗಿ ಇಳಿಸಿದರು, ಯಾರಿಗೂ ಗಾಯವಾಗಲಿಲ್ಲ. ತನಿಖೆಯಲ್ಲಿ ಗೊತ್ತಾದದ್ದು: ಎಡಚಕ್ರ ಒಂದೇ ನೆಲಕ್ಕೆ ತಾಗಿದ್ದರೂ ಕಂಪ್ಯೂಟರ್ ನೆಲದ ನಿಯಮಕ್ಕೆ ಹೊರಳಿ, ಐಲರಾನ್ ಆಡುವಷ್ಟು ಜಾಗವನ್ನು ಸುಮಾರು ಅರ್ಧಕ್ಕೆ ಇಳಿಸಿತ್ತು. ಈ ಸಂಗತಿ ಪೈಲಟ್‌ಗಳಿಗೆ ತಿಳಿದೇ ಇರಲಿಲ್ಲ! ನನ್ನ ಮಟ್ಟಿಗೆ ಅದು ಪೈಲಟ್‌ಗಳ ತಪ್ಪಿಗಿಂತ ಹೇಳದೇ ಬಿಟ್ಟವರ ತಪ್ಪು.

‘ಎಲ್ಲ ಕಂಪ್ಯೂಟರೇ?’ ಎಂದಿರಿ. ಎ320 ತಾನಾಗಿಯೇ ಇಳಿಯಬಲ್ಲದು, ದಟ್ಟ ಮಂಜಿನಲ್ಲೂ. ಅಡ್ಡಗಾಳಿ 20 ನಾಟ್ ದಾಟಿದರೆ ಮಾತ್ರ ಆ ಸೌಲಭ್ಯ ಬಳಸುವಂತಿಲ್ಲ, ಮನುಷ್ಯರೇ ಇಳಿಸಬೇಕು.