ಶುಗರ್ ಇರುವವರ ಕಾಲಿನ ಗಾಯಕ್ಕೆ ಗಾಜ್ ಬಟ್ಟೆ ಸಾಕಾ, ಬೆಳ್ಳಿಯ ಡ್ರೆಸಿಂಗ್ ಬೇಕಾ?

ಶುಗರ್ ಇರುವ ತಂದೆ, ಎರಡು ತಿಂಗಳಾದರೂ ಮಾಯದ ಅಂಗಾಲಿನ ಗಾಯ. ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ನಮ್ಮ ಮನೆಯ ಆ ಜನವರಿ ಕಣ್ಣ ಮುಂದೆ ಬಂತು.

ನಮ್ಮದು ಸಕಲೇಶಪುರದ ಹತ್ತಿರ ಸಣ್ಣ ಕಾಫಿ ತೋಟ. ಕೊಯ್ಲಿನ ಸಮಯ. ಒಂದೇ ವಾರದಲ್ಲಿ ನನಗೂ ಅಪ್ಪನಿಗೂ ಗಾಯವಾಯಿತು. ಕತ್ತಿ ತಗುಲಿ ನನ್ನ ಎಡಗೈ ಕುಯ್ದಿತು. ಗಂಬೂಟು ಉಜ್ಜಿ ಅಪ್ಪನ ಹೆಬ್ಬೆರಳಿನ ತಳದಲ್ಲಿ ಬೊಬ್ಬೆ ಎದ್ದು ಒಡೆಯಿತು. ನನಗೆ ನಾಲ್ಕು ಹೊಲಿಗೆ, ಮೇಲೊಂದು ಗಾಜ್ ಬಟ್ಟೆ, ಅಂದರೆ ಗಾಯಕ್ಕೆ ಕಟ್ಟುವ ತೆಳು ಹತ್ತಿ ಬಟ್ಟೆ. ಮೂರು ರಾತ್ರಿ ಮಿಡಿಯಿತು, ಹತ್ತನೇ ದಿನ ಹೊಲಿಗೆ ಬಿಚ್ಚಿದರು. ಅಪ್ಪನಿಗೂ ಅದೇ ಬೆಟಾಡಿನ್, ಅದೇ ಗಾಜ್ ಬಟ್ಟೆ ಕಟ್ಟಿದೆ. ಅವರು ಒಂದು ದಿನವೂ ನೋವು ಅನ್ನಲಿಲ್ಲ. "ಏನೂ ಇಲ್ಲ ಬಿಡೋ" ಎಂದು ಕಣಕ್ಕೆ ಹೋಗುತ್ತಿದ್ದರು.

ನಾನು ಎಡವಿದ್ದು ಇಲ್ಲೇ. ನೋವಿಲ್ಲವೆಂದರೆ ಮಾಯುತ್ತಿದೆ ಎಂದುಕೊಂಡೆ. ನನ್ನ ಕೈ ನೋಯುತ್ತಿತ್ತು, ಅದಕ್ಕೇ ಅದನ್ನು ಎಲ್ಲಿಗೂ ತಾಗಿಸದೆ ಕಾಪಾಡಿಕೊಂಡೆ. ಎಷ್ಟೋ ವರ್ಷದ ಶುಗರ್ ಅಪ್ಪನ ಪಾದದ ನರಗಳನ್ನು ಕೊಂದಿತ್ತು. ಕಣದಲ್ಲಿ ಕಾಫಿ ಹರವುವಾಗ, ಚೀಲ ಎತ್ತುವಾಗ, ಪ್ರತಿ ಹೆಜ್ಜೆಗೂ ಮೈಭಾರ ಆ ಗಾಯದ ಮೇಲೇ ಬೀಳುತ್ತಿತ್ತು. ರಾತ್ರಿ ನಾನು ಎಷ್ಟು ಶ್ರದ್ಧೆಯಿಂದ ಕಟ್ಟಿದರೂ ಹಗಲು ಅದೇ ಮಾಂಸ ಮತ್ತೆ ಜಜ್ಜಿಹೋಗುತ್ತಿತ್ತು. ಸುತ್ತ ಜಡ್ಡುಗಟ್ಟಿ ಗಾಯದ ಬಾಯಿ ಕಿರಿದಾದಾಗ, ಮುಚ್ಚಿಕೊಳ್ಳುತ್ತಿದೆ ಎಂದು ಖುಷಿಪಟ್ಟೆ. ಗಾಜ್ ಬಟ್ಟೆ ಬಿಟ್ಟು ಸ್ಪಂಜಿನಂಥ ಫೋಮ್ ಡ್ರೆಸಿಂಗ್ ತಂದೆ, ಫೋಮ್ ಬಿಟ್ಟು ಬೆಳ್ಳಿ ಬೆರೆಸಿದ ಡ್ರೆಸಿಂಗ್ ತಂದೆ. ಆರು ವಾರದಲ್ಲಿ ಒಂದು ದಿನವೂ ಅಪ್ಪನನ್ನು ಕೂರಿಸಲಿಲ್ಲ.

ಕೊನೆಗೆ ಹಾಸನದಲ್ಲಿ ಸರ್ಜನ್ ಒಬ್ಬರು ಅಪ್ಪನ ಕಣ್ಣು ಮುಚ್ಚಿಸಿ, ಪ್ಲಾಸ್ಟಿಕ್ ಎಳೆಯೊಂದನ್ನು ಅಂಗಾಲಿಗೆ ಅದು ಬಾಗುವವರೆಗೆ ಒತ್ತುತ್ತಾ ಹೋದರು. "ಗೊತ್ತಾದಾಗ ಹೇಳಿ ಯಜಮಾನ್ರೇ." ಸ್ವಲ್ಪ ಹೊತ್ತಾದ ಮೇಲೆ ಅಪ್ಪ ಕೇಳಿದರು, "ಇನ್ನೂ ಶುರು ಮಾಡಿಲ್ವಾ ಡಾಕ್ಟ್ರೇ?" ಆಮೇಲೆ ಗಾಯದೊಳಗೆ ಇಳಿಸಿದ ಲೋಹದ ಕಡ್ಡಿ ಮೂಳೆಗೆ ತಗುಲಿತು, ಅಂದರೆ ಗಾಯ ಮೂಳೆಯವರೆಗೂ ಇಳಿದಿತ್ತು. ಹೆಬ್ಬೆರಳು ಉಳಿಯಲಿಲ್ಲ.

ಹಾಗಾಗಿ, ಗಾಜ್ ಬಟ್ಟೆಯೋ ಬೆಳ್ಳಿಯೋ ಎಂದು ನೀವು ಕೇಳಿರುವುದನ್ನೇ ನಾನು ಒಪ್ಪುವುದಿಲ್ಲ. ಮೊದಲು ಆ ಪಾದದ ಮೇಲಿನ ಭಾರ ತೆಗೆಸಿ. ಅದಕ್ಕೆಂದೇ ಮೊಣಕಾಲವರೆಗಿನ ಪ್ಲಾಸ್ಟರ್ ಇದೆ, ಬೂಟುಗಳಿವೆ. ಪಾದಕ್ಕೆ ರಕ್ತ ಸರಿಯಾಗಿ ಇಳಿಯುತ್ತಿದೆಯಾ ನೋಡಿಸಿ. ಸತ್ತ ಚರ್ಮ, ಜಡ್ಡು ಡಾಕ್ಟರೇ ಕತ್ತರಿಸಿ ತೆಗೆಯಬೇಕು, ನೀವು ಬ್ಲೇಡು ಮುಟ್ಟಬೇಡಿ. ಶುಗರ್ ಹತೋಟಿಗೆ ಬರಬೇಕು. ನಾಲ್ಕು ವಾರ ಇಷ್ಟೆಲ್ಲ ಮಾಡಿದ ಮೇಲೂ ಗಾಯದ ಅಳತೆ ಸುಮಾರು ಅರ್ಧಕ್ಕೆ ಇಳಿಯದಿದ್ದರೆ ಮತ್ತೆ ಮೊದಲಿಂದ ತಪಾಸಣೆ ಆಗಬೇಕು.

ಡ್ರೆಸಿಂಗ್ ವಿಷಯ ಇದರ ನಂತರದ್ದು. ತುಂಬಾ ಸೋರುವ ಗಾಯಕ್ಕೆ ಫೋಮ್, ಇಲ್ಲವೇ ಕಡಲಪಾಚಿಯಿಂದ ಮಾಡುವ ಆಲ್ಜಿನೇಟ್. ಒಣಗಿದ್ದಕ್ಕೆ ತೇವ ಕೊಡುವ ಹೈಡ್ರೋಜೆಲ್. ಅಂಟಿಕೊಂಡು ಮುಚ್ಚುವ ಹೈಡ್ರೋಕೊಲಾಯ್ಡ್ ಕೀವಾದ ಗಾಯಕ್ಕೆ ಬೇಡ. ಬೆಳ್ಳಿ ಹಾಕಿದರೆ ಶುಗರ್ ಗಾಯ ಬೇಗ ಮಾಯುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ನಾನಂತೂ ಆ ದುಡ್ಡನ್ನು ಚಪ್ಪಲಿಗೆ ಹಾಕಬೇಕಿತ್ತು. ಇನ್ನು, ಗಾಳಿಯಾಡಲಿ ಎಂದು ಬಿಟ್ಟು ಒಣಗಿಸಬೇಡಿ. 1962ರಲ್ಲೇ ಸಂಶೋಧಕ ಜಾರ್ಜ್ ವಿಂಟರ್ ಹಂದಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ, ಮುಚ್ಚಿ ತೇವವಾಗಿಟ್ಟ ಗಾಯಕ್ಕೆ ಸುಮಾರು ಎರಡರಷ್ಟು ಬೇಗ ಹೊಸ ಚರ್ಮ ಬಂದಿತ್ತು. ಒಣಗಿ ಅಂಟಿದ ಗಾಜ್ ಬಟ್ಟೆ ಕಿತ್ತಾಗ ಆ ಹೊಸ ಚರ್ಮವೂ ಕಿತ್ತು ಬರುತ್ತದೆ.

ಗಾಯದ ಸುತ್ತ ಕೆಂಪಾಗಿ ಬಿಸಿಯಿದ್ದರೆ, ವಾಸನೆ ಇದ್ದರೆ, ಜ್ವರ ಬಂದಿದ್ದರೆ ಇವತ್ತೇ ಆಸ್ಪತ್ರೆಗೆ ಹೊರಡಿ. ಅದೊಂದೂ ಇಲ್ಲದಿದ್ದರೂ ಈ ವಾರ ದಾಟಿಸಬೇಡಿ. ಕಾರಿನ ತನಕವೂ ಅವರನ್ನು ನಡೆಸಬೇಡಿ, ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋಗಿ.