ಅಳಿವಿನಂಚಿನ ಪ್ರಾಣಿಗಳ ಮೇಲೆ ಸಂಶೋಧನೆ ಮಾಡಿದರೆ ಆ ಪ್ರಾಣಿಗಳಿಗೆ ಏನು ಲಾಭ?

ನಿಮ್ಮ ಪ್ರಶ್ನೆ ನೇರವಾಗಿಯೇ ಇದೆ. ಪಶ್ಚಿಮ ಘಟ್ಟದಲ್ಲಿ ವರ್ಷವರ್ಷವೂ ಹೊಸ ಕಪ್ಪೆ, ಹೊಸ ಮೀನು ಅಂತ ಹೆಸರಿಡುತ್ತಾರೆ, ಎಣಿಸುತ್ತಾರೆ, ಪೇಪರ್ ಬರೆಯುತ್ತಾರೆ. ಇದರಿಂದ ಆ ಪ್ರಾಣಿಗೆ ಬಂದದ್ದೇನು, ಅದೇ ದುಡ್ಡಲ್ಲಿ ನಾಲ್ಕು ಜನ ಕಾವಲುಗಾರರನ್ನು ಇಡಬಾರದಾ ಅಂತ ಕೇಳಿದ್ದೀರಿ.

ನಾನು ವಿಜ್ಞಾನಿ ಅಲ್ಲ. ಮಳೆಗಾಲದ ಕಪ್ಪೆ ಸರ್ವೆಗಳಿಗೆ ಬ್ಯಾಗು ಹೊತ್ತು, ಟಾರ್ಚ್ ಹಿಡಿದು, ಉಂಬಳಕ್ಕೆ ರಕ್ತ ಕೊಟ್ಟು ಬಂದವನು ಅಷ್ಟೇ. ಮೊದಮೊದಲು ನನಗೂ ಇದೇ ಅನುಮಾನ ಇತ್ತು. ಕಾವೇರಿಯ ಒಂದು ಮೀನಿನ ಕಥೆ ಕೇಳಿದ ಮೇಲೆ ಅದು ಹೋಯಿತು.

ಮಹಶೀರ್ ಮೀನು ನಿಮಗೆ ಗೊತ್ತಿರಬಹುದು. ನಮ್ಮ ಕಡೆ ಬಿಳಿಮೀನು ಅಂತಾರೆ. ಅದರಲ್ಲಿ ಬೆನ್ನು ಗೂನಾಗಿ ಎದ್ದಿರುವ ಒಂದು ಬಗೆ ಇದೆ. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಬಿದ್ದ ಒಂದರ ತೂಕ 120 ಪೌಂಡು, ಅಂದರೆ ಸುಮಾರು 54 ಕಿಲೋ. ನನ್ನ ತೂಕಕ್ಕಿಂತ ಸ್ವಲ್ಪವೇ ಕಡಿಮೆ! ಈ ಮೀನು ಹಿಡಿಯಬೇಕು ಅಂತಲೇ ಗಾಳದವರು ಸಮುದ್ರ ದಾಟಿ ಬರುತ್ತಿದ್ದರು. ಇಷ್ಟು ಹೆಸರು ಮಾಡಿದ ಮೀನು. ಆದರೆ ತಮಾಷೆ ನೋಡಿ, ಇದು ಯಾವ ಜಾತಿ ಅನ್ನುವುದು ವಿಜ್ಞಾನದ ಪುಸ್ತಕದಲ್ಲಿ 2018ರವರೆಗೂ ತೀರ್ಮಾನವಾಗಿರಲಿಲ್ಲ.

ಆಗದಿದ್ದರೆ ಏನೀಗ ಅಂತೀರಾ? ಗಂಟು ಇರುವುದೇ ಅಲ್ಲಿ. ಯಾವ ಜೀವಿ ಎಷ್ಟು ಅಪಾಯದಲ್ಲಿದೆ ಅಂತ ಹೇಳುವ, ಐಯುಸಿಎನ್ ಅನ್ನುವ ಜಾಗತಿಕ ಸಂರಕ್ಷಣಾ ಸಂಸ್ಥೆಯ ಕೆಂಪು ಪಟ್ಟಿ ನಡೆಯುವುದೇ ಜಾತಿಯ ಹೆಸರಿನ ಮೇಲೆ. ಯಾವ ಜಾತಿ ಅಂತ ಗೊತ್ತಿಲ್ಲದಿದ್ದರೆ ಅಪಾಯ ಎಷ್ಟು ಅಂತ ಅಳೆಯುವುದು ಹೇಗೆ? ರೇಷನ್ ಕಾರ್ಡಿನಲ್ಲಿ ಹೆಸರಿಲ್ಲದವನಿಗೆ ಅಕ್ಕಿ ಸಿಗಲ್ಲ ಅಲ್ವಾ, ಹಾಗೆ.

ಇತ್ತ ನದಿಯಲ್ಲಿ ಇನ್ನೊಂದು ಕೆಲಸ ಆಗುತ್ತಿತ್ತು. 1970ರ ದಶಕದಿಂದ ಮಹಾರಾಷ್ಟ್ರದ ಲೋನಾವಳದಲ್ಲಿ ಮಹಶೀರ್ ಮರಿ ಮಾಡಿಸಿ ದೇಶದ ಬೇರೆ ಬೇರೆ ನದಿಗಳಿಗೆ ಹಂಚುತ್ತಿದ್ದರು. ಅವು ನೀಲಿ ರೆಕ್ಕೆಯ ಮಹಶೀರ್, ಕೃಷ್ಣಾ ಸೀಮೆಯ ಮೀನು. ಅವನ್ನು ಕಾವೇರಿಗೂ ಬಿಟ್ಟರು. ಉದ್ದೇಶ ಒಳ್ಳೆಯದೇ. ಮಹಶೀರ್ ಎಲ್ಲ ಒಂದೇ ಅಂದುಕೊಂಡಿದ್ದರು, ಅಷ್ಟೇ. ಬಂದವು ಚೆನ್ನಾಗಿ ಹೆಚ್ಚಿಕೊಂಡವು. ಗಾಳಕ್ಕೆ ಮೀನು ಜಾಸ್ತಿ ಬೀಳತೊಡಗಿತು. ದಡದಲ್ಲಿ ನಿಂತು ನೋಡಿದವರಿಗೆ ಎಲ್ಲ ಸರಿ ಇದೆ ಅಂತಲೇ ಅನಿಸುತ್ತಿತ್ತು.

ಸರಿ ಇಲ್ಲ ಅಂತ ತೋರಿಸಿಕೊಟ್ಟದ್ದು ಗಾಳದವರ ಕ್ಯಾಂಪಿನ ದಾಖಲೆ ಪುಸ್ತಕಗಳು. ಅಲ್ಲಿ ಹಿಡಿದ ಮೀನನ್ನು ತೂಗಿ ವಾಪಸ್ ನೀರಿಗೆ ಬಿಡುವ ರೂಢಿ ಇತ್ತು. ಎಷ್ಟು ಗಂಟೆ ಗಾಳ ಹಾಕಿದರು, ಯಾವ ಬಗೆ ಸಿಕ್ಕಿತು, ತೂಕ ಎಷ್ಟು ಅಂತ ಬರೆದಿಡುತ್ತಿದ್ದರು. ಸಂಶೋಧಕರು 1998ರಿಂದ 2012ರವರೆಗಿನ ಲೆಕ್ಕವನ್ನು ಬಗೆಬಗೆಯಾಗಿ ಬಿಡಿಸಿದರು. ಒಟ್ಟು ಮೀನು ಏರುತ್ತಿದೆ, ನೀಲಿ ರೆಕ್ಕೆಯದು ಏರುತ್ತಿದೆ, ಗೂನು ಬೆನ್ನಿನದು ಕರಗುತ್ತಿದೆ. 2015ರಲ್ಲಿ ಇದು ಪ್ರಕಟವಾಯಿತು. ಆಮೇಲೆ ಕಾವೇರಿ ಸೀಮೆಯದೇ ಆದ ಮೋಯಾರ್ ನದಿಯಲ್ಲಿ ಉಳಿದಿದ್ದ ಗೂನು ಬೆನ್ನಿನ ಮೀನುಗಳನ್ನು ಹುಡುಕಿ ಡಿಎನ್‌ಎ ನೋಡಿದರು. ಕೇರಳದ ಪಾಂಬಾರ್ ಹೊಳೆಯಿಂದ 2007ರಲ್ಲಿ ಟಾರ್ ರೆಮಾದೇವಿ ಅಂತ ಹೆಸರಿಟ್ಟಿದ್ದ ಮೀನಿಗೆ ತಾಳೆ ಆಯಿತು. ಪಾಂಬಾರ್ ಕೂಡ ಕೊನೆಗೆ ಕಾವೇರಿಗೇ ಸೇರುವ ನೀರು. ಹೆಸರು ಖಚಿತವಾದ ಅದೇ ವರ್ಷ, 2018ರಲ್ಲಿ, ಮೀನು ಕೆಂಪು ಪಟ್ಟಿಯ 'ತೀವ್ರ ಅಪಾಯದಲ್ಲಿದೆ' ಅನ್ನುವ ಸಾಲಿಗೆ ಹೋಯಿತು.

ಈಗ ನಿಮ್ಮ ಕಾವಲುಗಾರರ ಮಾತಿಗೆ ಬರೋಣ. ನದಿ ದಡದಲ್ಲಿ ನಾಲ್ಕಲ್ಲ, ನಲವತ್ತು ಜನ ನಿಂತಿದ್ದರೂ ಒಂದು ಮೀನಿನ ಜಾಗಕ್ಕೆ ಇನ್ನೊಂದು ಹೀಗೆ ಸದ್ದಿಲ್ಲದೆ ಬರುವುದನ್ನು ಹಿಡಿಯಲು ಆಗುತ್ತಿರಲಿಲ್ಲ. ಕೆಂಪು ಪಟ್ಟಿಯವರು ಕೇಳುವ ಲೆಕ್ಕವೇ ಬೇರೆ. 10 ವರ್ಷ ಅಥವಾ 3 ತಲೆಮಾರು, ಯಾವುದು ಉದ್ದವೋ ಅಷ್ಟರಲ್ಲಿ ಶೇ. 80ರಷ್ಟು ಕುಸಿದಿದ್ದರೆ 'ತೀವ್ರ ಅಪಾಯ', ಶೇ. 50 ಆದರೆ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಹರಡಿರುವ ಜಾಗ ಎಷ್ಟು ಅನ್ನುವುದಕ್ಕೂ ಬೇರೆ ಅಳತೆ ಇದೆ. ಹಿಂದೆ ಎಷ್ಟಿತ್ತು ಅಂತ ಯಾರೂ ಬರೆದಿಡದಿದ್ದರೆ ಶೇ. 80 ಹೋಯಿತು ಅಂತ ಹೇಳುವವರು ಯಾರು?

ಕಪ್ಪೆಯದ್ದೂ ಒಂದು ಹೇಳಿಬಿಡುತ್ತೇನೆ. ಉತ್ತರ ಕನ್ನಡದ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯ (ರಾಮಪತ್ರೆ ಮರಗಳಿರುವ ಜೌಗು ಕಾಡು) ಕಡೆಯಿಂದ 2014ರಲ್ಲಿ ಒಂದು ಕಪ್ಪೆಗೆ 'ಕುಂಬಾರ' ಅಂತ ಹೆಸರಿಟ್ಟರು. ನಾನು ಮೊದಲ ಸಲ ಅದರ ಮೊಟ್ಟೆ ನೋಡಿದಾಗ ಮೊಟ್ಟೆ ಅಂತ ತಿಳಿಯಲೇ ಇಲ್ಲ. ಹಳ್ಳದ ನೀರಿನ ಮೇಲೆ ಬಾಗಿದ್ದ ಒಂದು ಕಡ್ಡಿ, ಅದಕ್ಕೆ ಯಾರೋ ಮಗು ಆಟಕ್ಕೆ ಮೆತ್ತಿದ ಹಾಗೆ ಒದ್ದೆ ಮಣ್ಣು. ಒರೆಸಲು ಕೈ ಚಾಚಿದ್ದೆ. ಪಕ್ಕದವರು ಮಣಿಕಟ್ಟು ಹಿಡಿದು ಎಳೆದರು. ಹೆಣ್ಣು ಮೊಟ್ಟೆ ಇಟ್ಟು ಹೋದ ಮೇಲೆ ಗಂಡು ಹಳ್ಳದಿಂದ ಕೈಯಲ್ಲೇ ಕೆಸರು ತಂದು ತಂದು ಮೊಟ್ಟೆಗೆ ಬಳಿಯುತ್ತದೆ. ಒಣಗದಿರಲಿ ಅಂತಲೋ, ಶತ್ರುಗಳ ಕಣ್ಣಿಗೆ ಬೀಳದಿರಲಿ ಅಂತಲೋ. ಇಷ್ಟು ಗೊತ್ತಾಗಿದ್ದು ರಾತ್ರಿಯೆಲ್ಲ ಕೂತು ನೋಡಿದವರಿಂದ. ಇದು ಗೊತ್ತಿಲ್ಲದೆ 'ಹಳ್ಳ ಸ್ವಚ್ಛ ಮಾಡೋಣ' ಅಂತ ಹೊರಟರೆ ಮೊದಲು ಹೋಗುವುದು ಆ ಕಡ್ಡಿಯೇ.

ಹಾಗಂತ ನಿಮ್ಮ ಸಿಟ್ಟು ಪೂರ್ತಿ ತಪ್ಪು ಅನ್ನಲಾರೆ. ಪಟ್ಟಿಗೆ ಸೇರಿದ ಮಾತ್ರಕ್ಕೆ ಯಾವ ಪ್ರಾಣಿಯೂ ಉಳಿಯುವುದಿಲ್ಲ. ಗಮನವೆಲ್ಲ ಹುಲಿ, ಆನೆ ಕಡೆಗೇ. 2023ರಲ್ಲಿ ಬಂದ ಜಾಗತಿಕ ಲೆಕ್ಕದಲ್ಲಿ ಕಪ್ಪೆಗಳೂ ಸೇರಿದಂತೆ ಉಭಯಚರಗಳಲ್ಲಿ ಶೇ. 41ರಷ್ಟು ಅಪಾಯದಲ್ಲಿವೆ. ಆದರೂ ಕಪ್ಪೆ ಅಂದರೆ ಜನ ಈಗಲೂ ಮುಖ ಸಿಂಡರಿಸುತ್ತಾರೆ. ಇನ್ನು 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪಂಚಾಯಿತಿಗಳಲ್ಲಿ ಜನತಾ ಜೀವವೈವಿಧ್ಯ ದಾಖಲಾತಿ, ಅಂದರೆ ಆ ಊರಿನ ಗಿಡ, ಪ್ರಾಣಿಗಳ ಪಟ್ಟಿ, ಮಾಡಬೇಕು. ಒಳ್ಳೆಯ ಯೋಜನೆ. ನಾನು ನೋಡಿದ ಒಂದು ಮಲೆನಾಡ ಊರಿನ ದಾಖಲಾತಿಯಲ್ಲಿ ಬಂಗುಡೆ ಮೀನಿತ್ತು! ಕರಾವಳಿಯ ಯಾವುದೋ ಫೈಲಿನಿಂದ ಸುಮ್ನೆ ಕಾಪಿ ಹೊಡೆದಿದ್ದರು. ಇಂಥ ದಾಖಲೆ ಇರುವುದಕ್ಕಿಂತ ಇಲ್ಲದಿರುವುದೇ ವಾಸಿ.

ಕೊನೆಗೆ, ನಮ್ಮಂಥವರು ಏನು ಮಾಡಬಹುದು ಅಂತಲೂ ಕೇಳಿದ್ದೀರಿ. ಕಂಡದ್ದರ ಫೋಟೋ, ದಿನಾಂಕ, ಜಾಗ, ಈ ಮೂರನ್ನು ಐನ್ಯಾಚುರಲಿಸ್ಟ್‌ಗೋ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೋ ಹಾಕಿ, ಎರಡೂ ಇಂಥ ಮಾಹಿತಿ ಸೇರಿಸುವ ಜಾಲತಾಣಗಳು. ಮಾಮೂಲಿ ಪ್ರಾಣಿಯನ್ನೂ ಹಾಕಿ. ಅಪರೂಪದ್ದಾದರೆ ನಿಖರ ಜಾಗವನ್ನು ಮಾತ್ರ ವಾಟ್ಸಾಪ್ ಗುಂಪಿನಲ್ಲಿ ಹಂಚಲೇಬೇಡಿ, ಕದಿಯುವವರೂ ಓದುತ್ತಾರೆ. ಮಳೆಗಾಲದಲ್ಲಿ ಆ ಕಡೆ ಹೋದಾಗ ಹಳ್ಳದ ಮೇಲಿನ ಕಡ್ಡಿಯಲ್ಲಿ ಮೆತ್ತಿದ ಮಣ್ಣು ಕಂಡರೆ ದೂರದಿಂದಲೇ ಫೋಟೋ ತೆಗೆಯಿರಿ. ಒರೆಸಲು ಹೋಗಬೇಡಿ.